ಖಾಲಿ ನೀರಿನಲ್ಲೊಂದು ಗುಡ್ಡ

ಏನೂ ಹಾಕದ ನೀರಿನಲ್ಲಿ ಏನೋ ಇದೆ ಎಂದು ಯಂತ್ರ ಮೊದಲ ಸಲ ತೋರಿಸಿದ್ದು ಒಂದು ಸೋಮವಾರ ಬೆಳಿಗ್ಗೆ. ನೆರೂಳದಿಂದ ಲೋಕಲ್ ರೈಲು ಹಿಡಿದು ತುರ್ಭೆಗೆ ಬಂದು, ಹೊರಗಿನ ಚಪ್ಪಲಿ ಬಿಟ್ಟು, ಪ್ರಯೋಗಾಲಯದ ರಬ್ಬರ್ ಚಪ್ಪಲಿ ಮೆಟ್ಟಿ ಒಳಕೋಣೆಗೆ ಹೋಗಿದ್ದೆ. ದಿನದ ಮೊದಲ ಕೆಲಸ ಯಾವಾಗಲೂ ಖಾಲಿ ದ್ರಾವಣದ ಪರೀಕ್ಷೆ. ಪರದೆಯ ಮೇಲೆ ಗೆರೆ ನೆಟ್ಟಗೆ ಹೋಗಬೇಕು. ಅಂದು ಅದು ನಡುವೆ ಎದ್ದು ನಿಂತು, ಸಣ್ಣದೊಂದು ಗುಡ್ಡವಾಗಿ, ಮತ್ತೆ ಇಳಿಯಿತು.

ನಮ್ಮ ಕೆಲಸವನ್ನು ಇಷ್ಟರಲ್ಲಿ ಹೇಳಬಹುದು. ಒಂದು ಗಾಜಿನ ಕೊಳವೆಯಲ್ಲಿ ಕೆಳಗೆ ಡೈಕ್ಲೋರೋಈಥೇನ್ ಎಂಬ ಭಾರದ ದ್ರಾವಕ, ಮೇಲೆ ನೀರು. ಎರಡೂ ಬೆರೆಯುವುದಿಲ್ಲ. ನಡುವೆ ಕನ್ನಡಿಯಂಥ ಒಂದು ಗಡಿ. ಎರಡೂ ಕಡೆ ವಿದ್ಯುತ್ ಹರಿಯುವಷ್ಟು ಲವಣ ಕರಗಿಸಿ, ನಾಲ್ಕು ವಿದ್ಯುದಗ್ರಗಳನ್ನು ಇಳಿಬಿಟ್ಟು, ಆ ಗಡಿಯ ಮೇಲಿನ ವೋಲ್ಟೇಜನ್ನು ನಿಧಾನವಾಗಿ ಏರಿಸುತ್ತೇವೆ, ಮತ್ತೆ ಇಳಿಸುತ್ತೇವೆ. ನೀರಿನಲ್ಲಿರುವ ಆವೇಶ ಹೊತ್ತ ಕಣ, ಅಂದರೆ ಅಯಾನು, ತನಗೆ ಒಗ್ಗುವ ವೋಲ್ಟೇಜು ಬಂದಾಗ ಗಡಿ ದಾಟಿ ಕೆಳಗಿಳಿಯುತ್ತದೆ. ಆಗ ಗೆರೆ ಗುಡ್ಡವಾಗಿ ಏಳುತ್ತದೆ. ವೋಲ್ಟೇಜು ಹಿಂದಿರುಗಿದಾಗ ಅದೇ ಅಯಾನು ನೀರಿಗೆ ವಾಪಸಾಗುತ್ತದೆ. ಗೆರೆ ಕುಳಿಯಾಗಿ ಬೀಳುತ್ತದೆ. ಯಾವ ಜಾಗದಲ್ಲಿ ಗುಡ್ಡ ಎದ್ದಿತು ಎಂಬುದರಿಂದ ದಾಟಿದ್ದು ಯಾರು, ಎಷ್ಟು ಎತ್ತರ ಎಂಬುದರಿಂದ ಎಷ್ಟು ದಾಟಿತು ಎಂದು ತಿಳಿಯುತ್ತದೆ.

ಔಷಧಿ ಕಾರ್ಖಾನೆಯವರು ಒಂದು ಮದ್ದು ತಯಾರಿಸಿ ಮುಗಿಸಿದ ಮೇಲೆ ದೊಡ್ಡ ಪಾತ್ರೆಗಳನ್ನು ತೊಳೆಯುತ್ತಾರೆ. ಕೊನೆಯ ತೊಳೆನೀರಿನಲ್ಲಿ ಹಳೆಯ ಮದ್ದು ಉಳಿದಿಲ್ಲ ಎಂದು ಖಾತ್ರಿಯಾಗಬೇಕು. ಹೊಟ್ಟೆನೋವಿನ ಒಂದು ಮದ್ದಿಗಾಗಿ ಅಂಥ ಪರೀಕ್ಷಾಯಂತ್ರವನ್ನು ನಾವು ಕಟ್ಟುತ್ತಿದ್ದೆವು. ಈಗ ಖಾಲಿ ನೀರಿನಲ್ಲಿ ಎದ್ದ ಗುಡ್ಡ ಆ ಮದ್ದಿನ ಗುಡ್ಡದ ಪಕ್ಕದಲ್ಲೇ, ಅದಕ್ಕೆ ಹೆಗಲು ತಾಗಿಸಿ ನಿಂತಿತ್ತು. ಖಾಲಿ ನೀರನ್ನೇ ನಂಬಲಾಗದ ಯಂತ್ರವನ್ನು ಯಾವ ಗಿರಾಕಿ ಕೊಳ್ಳುತ್ತಾನೆ?

ನನ್ನ ಸಹೋದ್ಯೋಗಿ ಬರುವ ಹೊತ್ತಿಗೆ ನಾನು ನೀರು ಬದಲಿಸಿ ಎರಡನೇ ಸಲ ಓಡಿಸುತ್ತಿದ್ದೆ. ಅವಳು ವಿಜಯಪುರ ಕಡೆಯವಳು, ಮದುವೆಯಾಗಿ ಕಲ್ಯಾಣಕ್ಕೆ ಬಂದವಳು. ಕೆಲಸದಲ್ಲಿ ನನ್ನ ಸರಿಸಮ. ವಯಸ್ಸಿನಲ್ಲಿ ಸ್ವಲ್ಪ ಚಿಕ್ಕವಳೆಂದು ನನ್ನನ್ನು ಅಕ್ಕ ಎನ್ನುತ್ತಿದ್ದಳು. ಪರದೆಯ ಮುಂದೆ ನಿಂತು ನೋಡಿದಳು.

"ಏನೋ ದಾಟಾಕತ್ತೈತಿ, ಅಕ್ಕಾ."

"ನಾನು ಎಂತದ್ದೂ ಹಾಕಿಲ್ಲ."

"ಹಾಕಿಲ್ಲಂದ್ರೂ ದಾಟಾಕತ್ತೈತಿ."

ಮುಂದಿನ ದಿನಗಳೆಲ್ಲ ಒಂದೊಂದನ್ನೇ ತಳ್ಳಿಹಾಕುವುದರಲ್ಲಿ ಹೋದವು. ನೀರಿನ ಯಂತ್ರದ ಸೋಸುಕ ಬದಲಿಸಿದೆವು. ಲವಣದ ಹೊಸ ಬಾಟಲಿ ತೆರೆದೆವು. ದ್ರಾವಕವನ್ನು ಮತ್ತೆ ಬಟ್ಟಿ ಇಳಿಸಿದೆವು. ಹೊರಗಿನ ವಿದ್ಯುತ್ ಗದ್ದಲವೇನೋ ಎಂದು, ಕೊಳವೆಯ ಸುತ್ತ ಇರುವ ತಾಮ್ರದ ಬಲೆಯ ಪಂಜರವನ್ನು ಬಿಚ್ಚಿ ಮತ್ತೆ ಬಿಗಿದೆವು. ಗದ್ದಲ ಅಷ್ಟು ಶಿಸ್ತಿನಿಂದ ಇರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಗುಡ್ಡಕ್ಕೂ ಕುಳಿಗೂ ನಡುವಿನ ಅಂತರ ಒಂದೇ ಒಂದು ಧನಾವೇಶ ಹೊತ್ತ ಅಯಾನಿಗೆ ಇರಬೇಕಾದಷ್ಟೇ ಇತ್ತು. ವೋಲ್ಟೇಜು ಏರಿಸುವ ವೇಗವನ್ನು ನಾಲ್ಕು ಪಟ್ಟು ಮಾಡಿದರೆ ಎತ್ತರ ಎರಡು ಪಟ್ಟಾಗುತ್ತಿತ್ತು. ಪಠ್ಯಪುಸ್ತಕದಲ್ಲಿ ಬರೆದಂತೆ ನಡೆದುಕೊಳ್ಳುವ ಒಂದು ಪದಾರ್ಥ ಆ ನೀರಿನಲ್ಲಿ ಸ್ವತಂತ್ರವಾಗಿ ಓಡಾಡಿಕೊಂಡಿತ್ತು. ಅದಕ್ಕೆ ಹೆಸರು ಮಾತ್ರ ಇರಲಿಲ್ಲ.

ಅದು ದಿನವೂ ಬರುತ್ತಿರಲಿಲ್ಲ. ಬಂದ ದಿನ ಬೆಳಗಿನ ಮೊದಲ ಓಟದಲ್ಲಿ ಎತ್ತರವಾಗಿದ್ದು, ನಾವು ತೊಳೆದು ತುಂಬಿದಂತೆಲ್ಲ ಕುಗ್ಗಿ, ಮಧ್ಯಾಹ್ನದ ಹೊತ್ತಿಗೆ ಮಾಯವಾಗುತ್ತಿತ್ತು. ಮರುದಿನವೋ ಅದರಾಚೆಯೋ ಮತ್ತೆ ಎದ್ದಿರುತ್ತಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಆ ವೋಲ್ಟೇಜಿನ ಹತ್ತಿರ ಬಂದಾಗ ನೀರಿನ ಗಡಿ ಸಣ್ಣಗೆ ನಡುಗುತ್ತಿತ್ತು. ಮೇಜು ಅಲುಗಿರಲಿಲ್ಲ, ಫ್ಯಾನು ಇರಲಿಲ್ಲ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಇಬ್ಬರೂ ಉಸಿರು ಹಿಡಿದು ನೋಡುತ್ತಿದ್ದೆವು. ಮಲಗಿದವರ ರೆಪ್ಪೆ ಅದುರುವ ಹಾಗೆ ಅದುರಿ ನಿಲ್ಲುತ್ತಿತ್ತು.

"ಬೆಳಿಗ್ಗೆ ಬಾಗಿಲಾ ತಗದಾಗ ಕರ್ಪೂರದ ವಾಸನಿ ಬರ್ತದ," ಎಂದಳು ಅವಳು ಒಂದು ದಿನ. "ಯಾರೋ ಪೂಜಿ ಮಾಡಿ ಹೋಗಿರೋ ಹಂಗ."

ನನಗೂ ಬಂದಿತ್ತು. ದ್ರಾವಕದ ಸಿಹಿ ವಾಸನೆಗೆ ಮೂಗು ಕೆಟ್ಟಿದೆ ಎಂದು ಸುಮ್ಮನಿದ್ದೆ.

ಸೋಮವಾರ ಮತ್ತು ಗುರುವಾರ ಮಧ್ಯಾಹ್ನ ನಮ್ಮ ಸಲಹೆಗಾರರು ಬರುತ್ತಿದ್ದರು. ಕಾಲೇಜಿನಲ್ಲಿ ವರ್ಷಗಟ್ಟಲೆ ವಿದ್ಯುದ್ರಸಾಯನ ಕಲಿಸಿ ನಿವೃತ್ತರಾದವರು. ಉಡುಪಿ ಕಡೆಯವರು, ಡೊಂಬಿವಲಿಯಲ್ಲಿ ಮನೆ. ನನ್ನನ್ನು ಈ ಕೆಲಸಕ್ಕೆ ತಂದವರೇ ಅವರು. ಅವರಿಗೆ ವಿಮೆ ಇಲ್ಲದ್ದರಿಂದ ಒಳಕೋಣೆಯ ಯಾವುದಕ್ಕೂ ಕೈಹಾಕಬಾರದು, ಸಲಹೆ ಮಾತ್ರ ಕೊಡಬೇಕು ಎಂದು ಮ್ಯಾನೇಜರು ಕಟ್ಟುನಿಟ್ಟು ಮಾಡಿದ್ದರು. ಹಾಗಾಗಿ ಹೊರಗಿನ ಮೇಜಿನಲ್ಲಿ ಕುಳಿತು ನಮ್ಮ ಗೆರೆಗಳನ್ನು ನೋಡುತ್ತಿದ್ದರು. ಈಚೆಗೆ ಷೂ ಬಿಟ್ಟು ಅಗಲವಾದ ಚಪ್ಪಲಿ ಹಾಕುತ್ತಿದ್ದರು, ವಯಸ್ಸಾಯಿತಲ್ಲ ಎಂದುಕೊಂಡಿದ್ದೆ.

ಗುಡ್ಡವನ್ನು ನೋಡಿ ಅವರಿಗೆ ಖುಷಿಯೇ ಆಯಿತು. "ಚೆಂದ ಉಂಟು. ಇದು ಕೊಳೆ ಅಲ್ಲ, ಒಂದೇ ಪದಾರ್ಥ. ಹುಡುಕಿ," ಎಂದರು.

"ಎಲ್ಲಿಂದ ಬರ್ತದೆ ಸರ್?"

"ಬರುವ ದಾರಿ ಹುಡುಕಿದ್ರೆ ಹೆಸರು ತಾನೇ ಸಿಗ್ತದೆ ಮಾರಾಯ್ತಿ."

ಮ್ಯಾನೇಜರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಮುಂದಿನ ವಾರ ಗಿರಾಕಿ ಕಂಪನಿಯವರು ಪ್ರದರ್ಶನ ನೋಡಲು ಬರುವವರಿದ್ದರು. ಮ್ಯಾನೇಜರು ನಮ್ಮ ಬೆನ್ನ ಹಿಂದೆ ನಿಂತು ಪರದೆ ನೋಡಿ, "ಅರೆ, ಬ್ಲ್ಯಾಂಕ್ ಮೈನಸ್ ಕರ್ ದೋ ನಾ," ಎಂದರು. ಖಾಲಿ ದ್ರಾವಣದ ಗೆರೆಯನ್ನು ಕಂಪ್ಯೂಟರಿನಲ್ಲೇ ಕಳೆದುಬಿಡಿ, ಗುಡ್ಡ ಕಾಣುವುದಿಲ್ಲ ಎಂದು. ತಪ್ಪು ಮಾತಲ್ಲ, ಎಷ್ಟೋ ಕಡೆ ಹಾಗೇ ಮಾಡುತ್ತಾರೆ. ನಾವಿಬ್ಬರೂ ಕಳೆದೂ ನೋಡಿದೆವು. ಗೆರೆ ನುಣ್ಣಗಾಯಿತು. ಆದರೆ ದಿನಕ್ಕೊಂದು ಎತ್ತರ ಇರುವುದನ್ನು ಯಾವ ಲೆಕ್ಕದಲ್ಲಿ ಕಳೆಯುವುದು? ಅದಕ್ಕಿಂತ ಹೆಚ್ಚಾಗಿ, ಗೆರೆಯಿಂದ ಅಳಿಸಿದ ಮೇಲೂ ಅದು ಕೊಳವೆಯಲ್ಲಿ ಇದ್ದೇ ಇದೆ ಎಂಬುದು ನನ್ನನ್ನು ಕಾಡುತ್ತಿತ್ತು. ಕಳೆಯುವುದು ಬೇಡ, ಹುಡುಕೋಣ ಎಂದೆ. ಅವಳು ಕಳೆದ ಗೆರೆಯನ್ನು ಪರದೆಯಿಂದ ಅಳಿಸಿ, "ಹುಡುಕೂಣು ತಗೋರಿ," ಎಂದಳು.

ಅಂದು ಗಾಜಿನ ಸಾಮಾನು ತೊಳೆಯುತ್ತಿದ್ದಾಗ ನಾನು ಸುಮ್ಮನೆ ಮಾತಿಗೆ ಹೇಳಿದೆ: "ನಾಳೆಯಿಂದ ನೀವು ಬೆಳಿಗ್ಗೆ ಬೇಗ ಬಂದು ಕೊಳವೆ ತೊಳೆದಿಡುವುದು ಬೇಡ. ಇಬ್ಬರೂ ಕೂಡಿಯೇ ತೊಳೆಯೋಣ. ಎಲ್ಲಿ ಸೇರಿಕೊಳ್ತದೆ ನೋಡಬೇಕು."

ಅವಳು ಬ್ರಷ್ ಹಿಡಿದ ಕೈ ನಿಲ್ಲಿಸಿದಳು. "ನಾ ತೊಳದಿಡಂಗಿಲ್ಲಲ್ರೀ ಅಕ್ಕಾ. ನೀವು ತೊಳದಿಡ್ತೀರಿ ಅಂದ್ಕೊಂಡಿದ್ದೆ."

ಬೆಳಿಗ್ಗೆ ನಾವು ಬರುವ ಹೊತ್ತಿಗೆ ಕೊಳವೆಗಳು ತೊಳೆದು, ಒರೆಸಿ, ಬಿಳಿ ಕಾಗದದ ಮೇಲೆ ಸಾಲಾಗಿ ಮಲಗಿರುತ್ತಿದ್ದವು. ಬಾಯಿಗಳೆಲ್ಲ ಒಂದೇ ದಿಕ್ಕಿಗೆ. ಎಷ್ಟೋ ದಿನಗಳಿಂದ. ನಾನು ಅವಳೆಂದುಕೊಂಡಿದ್ದೆ, ಅವಳು ನಾನೆಂದುಕೊಂಡಿದ್ದಳು. ಮನಸ್ಸಿನಲ್ಲೇ ಒಬ್ಬರ ಉಪಕಾರ ಒಬ್ಬರು ನೆನೆದುಕೊಂಡು ಕೆಲಸ ಶುರು ಮಾಡುತ್ತಿದ್ದೆವು. ಇಬ್ಬರೂ ಅಂದು ಬಳಸದೆ ಉಳಿದಿದ್ದ ಕೊಳವೆಗಳ ಸಾಲನ್ನು ನೋಡಿದೆವು. ಯಾರೂ ಮುಟ್ಟಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳು ಹೊರಗೆ ಹೋಗಿ ನೀರು ಕುಡಿದು ಬಂದಳು.

ಮರುದಿನ ಬೆಳಿಗ್ಗೆ ಕೊಳವೆಗಳು ಮತ್ತೆ ಸಾಲಾಗಿದ್ದವು. ಈ ಸಲ ನಾನು ಅವನ್ನು ಬಳಸದೆ, ಒಂದೊಂದರ ಬಾಯನ್ನೂ ಮದ್ಯಸಾರದಲ್ಲಿ ಅದ್ದಿದ ಬಿಳಿ ಹತ್ತಿಯಿಂದ ಒರೆಸಿದೆ. ಒಂದು ಹತ್ತಿಯ ಮೇಲೆ ತೆಳುವಾದ ಹಳದಿ ಗೆರೆ ಬಂತು. ಗೆರೆಯೆನ್ನುವುದಕ್ಕಿಂತ ಹಳದಿಯ ಅನುಮಾನ.

ನಮ್ಮಲ್ಲಿ ನೇರಳಾತೀತ ಬೆಳಕಿನ ಒಂದು ಕೈದೀಪ ಇತ್ತು. ಕೆಲವು ಪದಾರ್ಥಗಳು ಆ ಬೆಳಕಿನಲ್ಲಿ ಹೊಳೆಯುತ್ತವೆ. ಅದೇ ಕೊಳವೆಗೆ ದ್ರಾವಕ ಹಾಕಿ, ಮೇಲೆ ನೀರು ಬಿಟ್ಟು, ವಿದ್ಯುದಗ್ರಗಳನ್ನು ಇಳಿಸಿ, ಅವಳಿಗೆ ದೀಪ ಆರಿಸಲು ಹೇಳಿದೆ. ಹೊರಗೆ ಹಗಲಿನ ಬಿಸಿಲು, ಲಾರಿಗಳ ಸದ್ದು. ಒಳಗೆ ಕೈ ಕಾಣದ ಕತ್ತಲು. ಕೈದೀಪ ಹಿಡಿದು ವೋಲ್ಟೇಜು ಏರಿಸಿದೆ. ಮೊದಲು ಏನೂ ಇರಲಿಲ್ಲ. ಆ ಜಾಗ ಬಂದಾಗ ಗಡಿಯ ಕೆಳಗೆ ಹಳದಿ-ಹಸಿರು ಹೊಗೆಯಂಥದ್ದು ಕಾಣಿಸಿಕೊಂಡಿತು. ನೀರಿನಲ್ಲಿದ್ದಾಗ ಮಂಕಾಗಿದ್ದದ್ದು ಕೆಳಗಿನ ದ್ರಾವಕಕ್ಕೆ ಇಳಿದೊಡನೆ ಉರಿಯತೊಡಗಿತ್ತು. ವೋಲ್ಟೇಜು ಹಿಂದಿರುಗಿಸಿದೆ. ಹೊಗೆ ಮೇಲೇರಿ, ಗಡಿ ದಾಟಿ, ಆರಿಹೋಯಿತು. ಇನ್ನೊಮ್ಮೆ ಏರಿಸಿದೆ. ಇನ್ನೊಮ್ಮೆ ಇಳಿಯಿತು.

"ದೀಪ ಹಾಕಿ," ಎಂದು ನಾನು ಅವಳ ಕಡೆ ತಿರುಗಿದೆ. ಕೈಯಲ್ಲಿದ್ದ ನೇರಳೆ ಬೆಳಕು ನೆಲಕ್ಕೆ ಬಿತ್ತು.

ಅವಳು ದೀಪ ಹಾಕಲಿಲ್ಲ. "ಅಕ್ಕಾ, ಕೆಳಗ ನೋಡ್ರಿ."

ಬಾಗಿಲಿನಿಂದ ಪಂಜರದ ತನಕ ನೆಲದ ಮೇಲೆ ಹಳದಿ ಬೊಟ್ಟುಗಳು ಹೊಳೆಯುತ್ತಿದ್ದವು. ಒಂದೊಂದೂ ನಾಣ್ಯದಗಲ, ಒಂದರಿಂದೊಂದು ಸಮದೂರ, ಒಂದೇ ಸಾಲು. ಮನುಷ್ಯರು ನಡೆದರೆ ಎಡಬಲ ಎರಡು ಸಾಲು ಬೀಳಬೇಕು. ಇದು ಒಂದೇ ಕಾಲಿನಲ್ಲಿ ನಡೆದದ್ದು. ತೊಳೆಯುವ ತೊಟ್ಟಿಯ ಬಳಿ ಬೊಟ್ಟುಗಳು ಒತ್ತಾಗಿದ್ದವು, ಬಹಳ ಹೊತ್ತು ನಿಂತಂತೆ. ಕುರ್ಚಿಯ ಮುಂದೆ ಇನ್ನೂ ಒತ್ತಾಗಿದ್ದವು. ನಲ್ಲಿಯ ತಿರುಪಿನ ಮೇಲೆ ಬೆರಳ ಗುರುತು. ಕೈಗವಸಿನ ಡಬ್ಬಿಯ ಬಾಯಲ್ಲಿ ಗುರುತು. ನಾನು ದಿನವೂ ಕೂರುವ ಕುರ್ಚಿಯ ತೋಳಿನ ಮೇಲೆ ಪೂರ್ತಿ ಅಂಗೈ.

ಅವಳು ನನ್ನ ತೋಳು ಹಿಡಿದುಕೊಂಡಳು.

ಕೊನೆಗೂ ದೀಪ ಹಾಕಿದಾಗ ನೆಲದ ಮೇಲೆ ಏನೂ ಇರಲಿಲ್ಲ. ಬರಿಗಣ್ಣಿಗೆ ಕಾಣುವಷ್ಟು ಕಲೆ ಅದಾಗಿರಲಿಲ್ಲ. ವಿದ್ಯುತ್ ಸಾಮಾನಿದೆಯೆಂದು ಆ ಕೋಣೆಗೆ ನೀರು ಹಾಕಿ ಒರೆಸುವುದೂ ಇರಲಿಲ್ಲ. ನಾನು ಗೇಟಿಗೆ ಹೋಗಿ ವಾಚ್‌ಮನ್‌ನನ್ನು ಕೇಳಿದೆ, ಬೆಳಿಗ್ಗೆ ನಮಗಿಂತ ಮೊದಲು ಯಾರಾದರೂ ಒಳಗೆ ಹೋಗುತ್ತಾರಾ ಎಂದು. ಅವನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ಬಡೇ ಸಾಬ್ ಆತೇ ಹೈ ನಾ. ಡೊಂಬಿವಲಿವಾಲೇ. ಪಹಲೀ ಗಾಡಿ ಸೇ ಆತೇ ಹೈ, ಆಪ್‌ಕೇ ಆನೇ ಸೇ ಪಹಲೇ ಚಲೇ ಜಾತೇ ಹೈ."

ಡೊಂಬಿವಲಿಯ ದೊಡ್ಡ ಸಾಹೇಬರು, ಅಂದರೆ ನಮ್ಮ ಸಲಹೆಗಾರರು, ಮೊದಲ ಗಾಡಿಗೆ ಬಂದು ನಾವು ಬರುವ ಮುಂಚೆಯೇ ಹೋಗಿಬಿಡುತ್ತಾರಂತೆ. ನಾವು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಅಷ್ಟೇ.

ಸಲೀಸಾದ ದಾರಿ ಎದುರಿಗೇ ಇತ್ತು. ಮ್ಯಾನೇಜರಿಗೆ ಒಂದು ಮಾತು ಹೇಳಿದರೆ ಬಾಗಿಲಿನ ಬೀಗ ಬದಲಾಗುತ್ತಿತ್ತು, ಖಾಲಿ ನೀರು ಖಾಲಿಯಾಗುತ್ತಿತ್ತು, ಪ್ರದರ್ಶನ ನಡೆಯುತ್ತಿತ್ತು. ಸಹೋದ್ಯೋಗಿಯೂ ಹಾಗೇ ಯೋಚಿಸಿದ್ದಳು. ಆದರೆ ಆಮೇಲೆ ಅವಳೇ ಮೆಲ್ಲಗೆ, "ಒಂದ ಕಾಲಿಂದು ಅಷ್ಟ ಯಾಕ ಬಿದ್ದಾವು, ಅಕ್ಕಾ?" ಎಂದು ಕೇಳಿದಳು. ಮ್ಯಾನೇಜರಿಗೆ ಹೇಳುವುದು ಬೇಡ, ಮೊದಲು ನಾನು ಅವರನ್ನು ಕಾಣುತ್ತೇನೆ ಎಂದೆ. ಮೇಷ್ಟರ ಕಾಲಿನ ವಿಷಯ ಮೇಷ್ಟರನ್ನು ಹೇಗೆ ಕೇಳುವುದೆಂದು ಅಂದು ಮನೆಯಲ್ಲಿ ಅಡುಗೆ ಮಾಡುವಾಗಲೂ ಅದೇ ಯೋಚನೆ.

ಮರುದಿನ ನಾನೂ ಮೊದಲ ಲೋಕಲ್ ಹಿಡಿದೆ. ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಕರ್ಪೂರದ ವಾಸನೆ. ಅವರು ತೊಟ್ಟಿಯ ಮುಂದೆ ನನಗೆ ಬೆನ್ನು ಮಾಡಿ ನಿಂತು ಕೊಳವೆ ತೊಳೆಯುತ್ತಿದ್ದರು. ಚಪ್ಪಲಿ ಇರಲಿಲ್ಲ, ಬರೀ ಕಾಲುಚೀಲ. ಎಡಗಾಲು ಬಲಗಾಲಿಗಿಂತ ದಪ್ಪ.

"ಸರ್," ಎಂದೆ.

ಅವರು ಬೆಚ್ಚಲಿಲ್ಲ. ಕೊಳವೆಯನ್ನು ಕಾಗದದ ಮೇಲೆ ಮಲಗಿಸಿಯೇ ತಿರುಗಿದರು. "ನೀನು ಬಂದೆಯಾ? ಮ್ಯಾನೇಜರಿಗೆ ಹೇಳ್ಬೇಡ. ಕೈ ಹಾಕದೆ ಇರ್ಲಿಕ್ಕೆ ನನ್ನಿಂದ ಆಗುದಿಲ್ಲ. ನಿಮಗೂ ಬೆಳಿಗ್ಗೆ ಒಂದು ಕೆಲಸ ಕಡಿಮೆ ಆಗ್ತದಲ್ಲ."

"ಇಷ್ಟು ಬೇಗ ಯಾಕೆ ಸರ್ ಬರುದು? ಮಧ್ಯಾಹ್ನ ಬರುವ ದಿನ ಕೂಡ ಬೆಳಿಗ್ಗೆ ಬಂದು ಹೋಗ್ತೀರಂತೆ."

"ಬೆಳಿಗ್ಗೆ ಗಾಡಿ ಖಾಲಿ. ಆಮೇಲೆ ಠಾಣೆಯಲ್ಲಿ ಗಾಡಿ ಬದಲಿಸುವಾಗ ಜನ ಕಾಲು ಮೆಟ್ತಾರೆ. ಮೆಟ್ಟಿದ್ದು ನನಗೆ ಗೊತ್ತೇ ಆಗುದಿಲ್ಲ, ಅದೇ ತೊಂದರೆ." ಅವರು ಕುರ್ಚಿಯಲ್ಲಿ ಕುಳಿತರು. "ಸಕ್ಕರೆ ಕಾಯಿಲೆ. ಪಾದ ಮರಗಟ್ಟಿ ಆರು ವರ್ಷ ಆಯ್ತು. ಅಡಿಯಲ್ಲಿ ಸಣ್ಣ ಗಾಯ ಉಂಟು. ಮನೆಯವಳು ಮದ್ದು ಅರೆದು ಕಟ್ಟುತ್ತಾಳೆ, ಒಣಗ್ತಾ ಉಂಟು."

"ಎಂತ ಮದ್ದು ಸರ್?"

"ಊರಿಂದ ತರಿಸಿದ ಮರದರಿಶಿನ. ಸ್ವಲ್ಪ ಕರ್ಪೂರ—"

ಅವರು ಅಲ್ಲಿಗೇ ನಿಲ್ಲಿಸಿದರು. ನಾನು ಅವರ ಮುಖ ನೋಡುತ್ತಿದ್ದೆ. ಮೊದಲು ಹುಬ್ಬು, ಆಮೇಲೆ ಕಣ್ಣು ಬದಲಾದವು. ಮರದರಿಶಿನದ ಹಳದಿ ಬಣ್ಣಕ್ಕೆ ಕಾರಣ ಬರ್ಬೆರಿನ್. ಹುಟ್ಟಾ ಧನಾವೇಶ ಹೊತ್ತ ಅಯಾನು, ಎಣ್ಣೆಯಂಥ ದ್ರಾವಕವೆಂದರೆ ಅದಕ್ಕೆ ಪ್ರೀತಿ. ಅದನ್ನು ನನಗೆ ಯಾರೂ ಹೇಳಬೇಕಿರಲಿಲ್ಲ. ಅವರಿಗಂತೂ ಇಲ್ಲವೇ ಇಲ್ಲ.

ನಾನು ದೀಪ ಆರಿಸಿ ಕೈದೀಪವನ್ನು ನೆಲಕ್ಕೆ ಹಿಡಿದೆ. ಅವರು ಬಾಗಿಲಿನಿಂದ ತಾವು ಕುಳಿತ ಕುರ್ಚಿಯ ತನಕ ತಮ್ಮದೇ ಹೆಜ್ಜೆಗಳನ್ನು ನೋಡಿದರು. ಆಮೇಲೆ, ಚಪ್ಪಲಿ ಬಿಡುವಾಗ ಕಾಲುಚೀಲ ಎಳೆದುಕೊಳ್ಳುವ ತಮ್ಮ ಬೆರಳುಗಳನ್ನು ತಿರುಗಿಸಿ ನೋಡಿಕೊಂಡರು. ಕತ್ತಲಲ್ಲಿ ಅವರ ಎಡಗಾಲುಚೀಲ ಒಂದೇ ಬೆಳಗುತ್ತಿತ್ತು, ಯಾರ ಕಾಲಿಗೂ ಸೇರದ್ದರ ಹಾಗೆ.

"ಅಳೆದು ನೋಡುವ," ಎಂದರು ಕೊನೆಗೆ.

"ಮೊದಲು ಡಾಕ್ಟರ ಹತ್ತಿರ ಹೋಗುವ ಸರ್."

"ಅಳೆದು ನೋಡುವ. ಊಹೆಯ ಮೇಲೆ ನಾನು ಎಲ್ಲಿಗೂ ಬರುದಿಲ್ಲ."

ಅವರು ಕಾಲುಚೀಲ ಜಾರಿಸಿ, ಬ್ಯಾಂಡೇಜಿನ ಅಂಚಿನಿಂದ ಒಂದು ನೂಲು ಎಳೆದುಕೊಟ್ಟರು. ಚಿಮಟದಲ್ಲಿ ಹಿಡಿದು ಒಂದಿಷ್ಟು ಶುದ್ಧ ನೀರಿನಲ್ಲಿ ನೆನೆಸಿದೆ. ಕೊಳವೆ ತುಂಬಿ ಖಾಲಿ ಗೆರೆ ಎಳೆದಾಗ ಎಂದಿನ ಗುಡ್ಡ ಇತ್ತು. ಆ ನೀರಿನ ಒಂದು ಹನಿ ಬಿಟ್ಟು ಮತ್ತೆ ಓಡಿಸಿದೆ. ಗುಡ್ಡ ಜಾಗ ಬಿಟ್ಟು ಕದಲಲಿಲ್ಲ, ಎತ್ತರವಾಯಿತು. ಇನ್ನೊಂದು ಹನಿ, ಇನ್ನೂ ಎತ್ತರ. ಪಕ್ಕದಲ್ಲಿ ಹೊಸದೇನೂ ಏಳಲಿಲ್ಲ. ನೇರಳೆ ಬೆಳಕಿನಲ್ಲಿ ಹಳದಿ ಇಳಿಯುವುದನ್ನೂ ಅವರು ನೋಡಿದರು, ಕುರ್ಚಿಯಿಂದ ಮುಂದಕ್ಕೆ ಬಾಗಿ, ಬಾಯಿ ಸ್ವಲ್ಪ ತೆರೆದು. "ಎಷ್ಟು ಚೆಂದ," ಎಂದರು. ಆ ಕ್ಷಣಕ್ಕೆ ಅದು ತಮ್ಮ ಗಾಯ ಎಂಬುದು ಅವರಿಗೆ ಮರೆತೇ ಹೋಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ದೀಪ ಹಾಕಿದ ಮೇಲೆ ಅವರು ಕಾಲನ್ನು ಇನ್ನೊಂದು ಕುರ್ಚಿಯ ಮೇಲಿಟ್ಟರು. "ಇದು ಇಷ್ಟು ಸೋರ್ತಾ ಉಂಟು ಅಂದ್ರೆ ಒಣಗಿಲ್ಲ ಅಂತ ಅರ್ಥ. ನನಗೆ ಬಗ್ಗಿ ನೋಡ್ಲಿಕ್ಕೆ ಆಗುದಿಲ್ಲ, ಕಣ್ಣೂ ಮಂಜು. ಅವಳು ಹಳೆ ಮದ್ದು ಕೀಳ್ಲಿಕ್ಕೆ ಹೆದರಿ ಅದರ ಮೇಲೇ ಹೊಸತು ಹಾಕ್ತಾಳೆ. ನೀನು ನೋಡು."

ಬ್ಯಾಂಡೇಜು ಸುತ್ತುಸುತ್ತಾಗಿ ಬಿಚ್ಚಿದೆ. ಹೆಬ್ಬೆರಳಿನ ಬುಡದಲ್ಲಿ ಮದ್ದು ಪದರ ಪದರವಾಗಿ ಗಟ್ಟಿ ಕಟ್ಟಿತ್ತು, ಹಳದಿ ಚಿಪ್ಪಿನ ಹಾಗೆ. ಅಂಚು ಎತ್ತಿದ್ದೇ ಅದು ತಾನಾಗಿ ಕಳಚಿಕೊಂಡು ಬಂತು. ಕರ್ಪೂರದ ಅಡಿಯಲ್ಲಿ ಇಷ್ಟು ದಿನ ಅಡಗಿದ್ದ ವಾಸನೆ ಕೋಣೆ ತುಂಬಿತು.

"ಎಂತ ಬಣ್ಣ?" ಎಂದು ಕೇಳಿದರು.

"ಕಪ್ಪು, ಸರ್."

"ಎಷ್ಟು ದೂರ?"

"ಎರಡು ಬೆರಳಿಗೆ ಬಂದಿದೆ. ನಡುವೆ ಆಳ ಉಂಟು. ಒಳಗೆ ಬಿಳಿ ಕಾಣ್ತದೆ."

ಅವರು ಗೋಡೆ ನೋಡುತ್ತಿದ್ದರು. "ಹೆಬ್ಬೆರಳು ಮುಟ್ಟಿ ನೋಡು."

"ಆಗಿನಿಂದ ಹಿಡ್ಕೊಂಡೇ ಇದ್ದೇನೆ, ಸರ್."

ಆಮೇಲೆ ಅವರು ಹಟ ಮಾಡಲಿಲ್ಲ. ಡಾಕ್ಟರಿಗೆ ಯಾಕೆ ತೋರಿಸಲಿಲ್ಲ ಎಂದು ಕೇಳಿದ್ದಕ್ಕೆ, "ಅಣ್ಣ ತೋರಿಸಿದ್ದ. ವಾರದೊಳಗೆ ಮೊಣಕಾಲಿಗೆ ಕತ್ತರಿಸಿದ್ರು," ಎಂದಷ್ಟೇ ಹೇಳಿದರು. ಸಹೋದ್ಯೋಗಿಗೆ ಫೋನ್ ಮಾಡಿದೆ. ಅವಳು ಲೋಕಲ್‌ನಲ್ಲಿ ಡೊಂಬಿವಲಿಯ ಹತ್ತಿರವೇ ಇದ್ದಳು. ಅಲ್ಲೇ ಇಳಿದು, ಅವರ ಹೆಂಡತಿಯನ್ನು ಕರೆದುಕೊಂಡು ನೇರ ಆಸ್ಪತ್ರೆಗೆ ಬಂದಳು. ಇಷ್ಟರಲ್ಲಿ ನಾನು ವಾಚ್‌ಮನ್ ಹಿಡಿದ ರಿಕ್ಷಾದಲ್ಲಿ ಅವರನ್ನು ಕೂರಿಸಿಕೊಂಡು ನೆರೂಳದ ಆಸ್ಪತ್ರೆಗೆ ಹೋದೆ. ಸೋಂಕು ರಕ್ತಕ್ಕೆ ಇಳಿಯುವ ಹಂತದಲ್ಲಿದೆ, ಇನ್ನೊಂದು ವಾರ ತಡೆದಿದ್ದರೆ ಕಾಲಿನ ಮಾತಲ್ಲ, ಜೀವದ ಮಾತಾಗುತ್ತಿತ್ತು ಎಂದರು ಅಲ್ಲಿನ ವೈದ್ಯರು. ಸಂಜೆಯೊಳಗೆ ಬೆರಳುಗಳೂ ಸೇರಿ ಪಾದದ ಮುಂಭಾಗ ತೆಗೆದರು. ಹಿಮ್ಮಡಿ ಉಳಿಯಿತು.

ಕೊಳವೆಗಳನ್ನು ನಾವಿಬ್ಬರೂ ಆಮ್ಲದಲ್ಲಿ, ಮದ್ಯಸಾರದಲ್ಲಿ ಅದ್ದಿ ಅದ್ದಿ ತೊಳೆದೆವು. ಬ್ರಷ್, ಕೈಗವಸಿನ ಡಬ್ಬಿ ಎಸೆದೆವು. ಕತ್ತಲು ಮಾಡಿಕೊಂಡು ನೆಲವನ್ನು ಮೊಣಕಾಲೂರಿ ಒರೆಸಿದೆವು, ಒಂದೊಂದೇ ಬೊಟ್ಟು ಆರುವ ತನಕ. ಬಾಗಿಲಿನಿಂದ ಶುರುಮಾಡಿ ಕುರ್ಚಿಯ ಹತ್ತಿರ ಬಂದಾಗ ಅವಳು ತುಸು ತಡೆದಳು. "ಇವನ್ನ ಒರಸಾಕ ಮನಸ ಬರವಲ್ದು," ಎಂದು ಹೇಳಿ ಆಮೇಲೆ ಒರೆಸಿದಳು. ಗಿರಾಕಿಗಳು ಬಂದ ದಿನ ಯಂತ್ರ ಮಾಡಬೇಕಾದ್ದನ್ನು ಮಾಡಿತು. ಮ್ಯಾನೇಜರಿಗೆ ನಾನು ಎಲ್ಲವನ್ನೂ ಹೇಳಿದೆ. ಅವರು ಆಸ್ಪತ್ರೆಗೆ ಹೋಗಿ, ಹಾಸಿಗೆಯ ಪಕ್ಕ ತುಂಬ ಹೊತ್ತು ನಿಂತು, ಏನೂ ಕೇಳದೆ ಬಂದರು.

ನಾನು ಹೋದದ್ದು ಆಪರೇಷನ್ ಆಗಿ ಕೆಲವು ದಿನಗಳ ಮೇಲೆ, ಒಂದು ಭಾನುವಾರ. ಅವರ ಹೆಂಡತಿ ಹಾಸಿಗೆಯ ಕಾಲ್ದೆಸೆಯಲ್ಲಿ ಸ್ಟೂಲು ಹಾಕಿಕೊಂಡು ಕುಳಿತಿದ್ದರು. ಮದ್ದು ಅರೆದದ್ದು ತಾನೇ ಎಂಬ ಸಂಕಟ ಅವರ ಮುಖದಲ್ಲಿ ಇನ್ನೂ ಇತ್ತು. ನನ್ನನ್ನು ನೋಡಿ, "ಕೂತ್ಕೊ ಮಗಾ," ಎಂದರು. ಸರ್ ಕಣ್ಣು ಮುಚ್ಚಿದ್ದರು, ಎಚ್ಚರವಾಗಿದ್ದರು.

"ಒಂದು ವಿಚಿತ್ರ ಕೇಳು," ಎಂದರು ಕಣ್ಣು ತೆರೆಯದೆ. "ಆರು ವರ್ಷ ಆ ಹೆಬ್ಬೆರಳು ಉಂಟಾ ಇಲ್ವಾ ಗೊತ್ತಿರ್ಲಿಲ್ಲ. ನಿನ್ನೆಯಿಂದ ತುರಿಸ್ತಾ ಉಂಟು."

ನಾನು ಹೊದಿಕೆಯನ್ನು ನೋಡಿದೆ. ಎಡಪಾದದ ಉಬ್ಬು ನಡುವೆಯೇ ಮುಗಿದಿತ್ತು. ಅದರಾಚೆ ಬಟ್ಟೆ ಚಪ್ಪಟೆಯಾಗಿ ಹಾಸಿಗೆಗೆ ಅಂಟಿಕೊಂಡಿತ್ತು.

"ಈಗಲೂ ತುರಿಸ್ತದಾ?" ಎಂದು ಅವರ ಹೆಂಡತಿ ಕೇಳಿದರು.

"ಹ್ಞೂಂ."

ಹೆಂಡತಿ ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡು, ಖಾಲಿ ಹೊದಿಕೆಯ ಮೇಲೆ ಉಗುರಿನಿಂದ ಮೆಲ್ಲಗೆ ಕೆರೆದರು.

"ಇಲ್ಲಿಯಾ?"

"ಇನ್ನು ಸ್ವಲ್ಪ ಈಚೆಗೆ," ಎಂದರು ಸರ್.

ಹೆಂಡತಿಯ ಬೆರಳು ಈಚೆಗೆ ಸರಿಯಿತು.

"ಹಾಂ, ಅಲ್ಲೇ," ಎಂದು ಸರ್ ಉಸಿರು ಬಿಟ್ಟರು.